ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಆರ್ಕಿಟೆಕ್ಟ್ ಕಚೇರಿ ತೆರೆಯುವವರಿಗೆ: ಪದವಿಯಿಂದ ನಾಮಫಲಕದವರೆಗೆ

ಬಳ್ಳಾರಿಯ ಗಾಂಧಿನಗರ, ಕೊಪ್ಪಳದ ಜವಾಹರ ರಸ್ತೆ, ರಾಯಚೂರಿನ ಸ್ಟೇಷನ್ ರಸ್ತೆ ಇವುಗಳಲ್ಲಿ ಎಲ್ಲಿ ನಡೆದುಹೋದರೂ ಮನೆ ನಕ್ಷೆ ತೆಗೆದುಕೊಡುವ ಕಚೇರಿಯೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಅಂಥ ಕಚೇರಿಗಳನ್ನು ನಡೆಸುವವರಲ್ಲಿ ಆರ್ಕಿಟೆಕ್ಚರ್ ಓದಿದವರಿದ್ದಾರೆ, ಸಿವಿಲ್ ಇಂಜಿನಿಯರಿಂಗ್ ಓದಿದವರಿದ್ದಾರೆ, ಡಿಪ್ಲೊಮಾ ಮುಗಿಸಿ ಹಿರಿಯರೊಬ್ಬರ ಕೈಕೆಳಗೆ ವರ್ಷಗಟ್ಟಲೆ ಕೆಲಸ ಕಲಿತವರೂ ಇದ್ದಾರೆ. ಕಟ್ಟಿಸುವವರ ಬಾಯಲ್ಲಿ ಮಾತ್ರ ಇವರೆಲ್ಲರೂ ಒಂದೇ, ‘ಪ್ಲಾನ್ ತೆಗೆಯುವ ಇಂಜಿನಿಯರು’. ಕಾನೂನಿನ ಕಣ್ಣಿಗೆ ಇವರು ಒಂದೇ ಅಲ್ಲ. ‘ಆರ್ಕಿಟೆಕ್ಟ್’ ಎಂಬ ಪದವನ್ನು ಹೆಸರಿನ ಜೊತೆಗೋ ಸಂಸ್ಥೆಯ ಜೊತೆಗೋ ಸೇರಿಸಿಕೊಳ್ಳಲು ಯಾರಿಗೆ ಹಕ್ಕಿದೆ, ಅದನ್ನು ಪಡೆಯುವ ದಾರಿ ಯಾವುದು, ಪಡೆದ ಮೇಲೆ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಭಾಗದಲ್ಲಿ ವೃತ್ತಿ ನಡೆಸುತ್ತಿರುವವನಾಗಿ, ಈಗಷ್ಟೇ ಪದವಿ ಮುಗಿಸಿ ಊರಿಗೆ ಮರಳಿ ಬರುತ್ತಿರುವ ತಮ್ಮ ತಂಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು: ಕಾನೂನು ಕಾಯುವುದು ಹೆಸರನ್ನು

ಈ ವೃತ್ತಿಗೆ ಆಧಾರವಾಗಿರುವುದು 1972ರ ವಾಸ್ತುಶಿಲ್ಪಿಗಳ ಅಧಿನಿಯಮ. ಇದು ಕೇಂದ್ರದ ಕಾನೂನಾದ್ದರಿಂದ ರಾಜ್ಯಕ್ಕೊಂದು ಪ್ರತ್ಯೇಕ ಲೈಸೆನ್ಸ್ ಎಂಬ ಪ್ರಶ್ನೆ ಬರುವುದಿಲ್ಲ. ಬಳ್ಳಾರಿಯಲ್ಲಿ ಕುಳಿತು ನೋಂದಣಿ ಪಡೆದವರು ರಾಜ್ಯದ ಗಡಿಯಾಚೆಗಿನ ಆದೋನಿಯಲ್ಲೂ ಕರ್ನೂಲಿನಲ್ಲೂ ಅದೇ ನೋಂದಣಿಯ ಮೇಲೆ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ನೋಂದಣಿ ಪುಸ್ತಕವನ್ನು ಇಟ್ಟುಕೊಳ್ಳುವುದು ಇದೇ ಕಾನೂನಿನಡಿ ಹುಟ್ಟಿದ, ದೆಹಲಿಯಲ್ಲಿ ಕಚೇರಿಯುಳ್ಳ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್. ಅಧಿನಿಯಮದ 37ನೇ ಕಲಮಿನ ಪ್ರಕಾರ ನೋಂದಾಯಿತ ಆರ್ಕಿಟೆಕ್ಟ್ ಅಥವಾ ಆರ್ಕಿಟೆಕ್ಟರ ಪಾಲುದಾರಿಕೆ ಸಂಸ್ಥೆಯನ್ನು ಬಿಟ್ಟು ಬೇರೆ ಯಾರೂ ಆ ಹೆಸರನ್ನು ಬಳಸುವಂತಿಲ್ಲ. ‘ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್’ ಮತ್ತು ಹಡಗುಗಳನ್ನು ವಿನ್ಯಾಸ ಮಾಡುವ ‘ನೇವಲ್ ಆರ್ಕಿಟೆಕ್ಟ್’ ಎಂಬ ಹೆಸರುಗಳಿಗೂ, ಕೇಂದ್ರ ಸರ್ಕಾರದ ಪೂರ್ವಾನುಮತಿ ಪಡೆದು ಒಂದು ನಿರ್ದಿಷ್ಟ ಯೋಜನೆಗಾಗಿ ಬರುವ ವಿದೇಶಿ ಆರ್ಕಿಟೆಕ್ಟರಿಗೂ ಮಾತ್ರ ವಿನಾಯಿತಿ ಇದೆ.

ಹಾಗಾದರೆ ನೋಂದಣಿ ಇಲ್ಲದವರು ಮನೆಯ ವಿನ್ಯಾಸ ಮಾಡಲೇಬಾರದೇ? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಮುಕೇಶ್ ಗೋಯಲ್ ಅವರ ವಿರುದ್ಧ ಕೌನ್ಸಿಲ್ ನಡೆಸಿದ ಪ್ರಕರಣದಲ್ಲಿ 2020ರ ಮಾರ್ಚ್‌ನಲ್ಲಿ ಬಂದ ತೀರ್ಪು, 37ನೇ ಕಲಮು ತಡೆಯುವುದು ಹೆಸರಿನ ಬಳಕೆಯನ್ನೇ ಹೊರತು ಆರ್ಕಿಟೆಕ್ಟರು ಸಾಮಾನ್ಯವಾಗಿ ಮಾಡುವ ಕೆಲಸವನ್ನಲ್ಲ ಎಂದು ಸ್ಪಷ್ಟಪಡಿಸಿತು. ಅದೇ ತೀರ್ಪು, ನೋಂದಣಿ ಇಲ್ಲದವರನ್ನು ‘ಅಸೋಸಿಯೇಟ್ ಆರ್ಕಿಟೆಕ್ಟ್’ ಎಂಬ ಹುದ್ದೆಯ ಹೆಸರಿನಿಂದ ಕರೆಯಲಾಗದು ಎಂದೂ ಹೇಳಿತು. ಇದರ ಅರ್ಥವನ್ನು ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಸಿಂಧನೂರಿನ ಸಿವಿಲ್ ಇಂಜಿನಿಯರೊಬ್ಬರು ಸ್ಥಳೀಯ ನಿಯಮ ಒಪ್ಪುವ ಮಟ್ಟಿಗೆ ಮನೆಯ ನಕ್ಷೆ ಬರೆಯಬಹುದು, ಆದರೆ ಅವರ ಫಲಕದಲ್ಲೂ ವಿಸಿಟಿಂಗ್ ಕಾರ್ಡಿನಲ್ಲೂ ನಕ್ಷೆಯ ಮೂಲೆಯ ಚೌಕದಲ್ಲೂ ‘ಆರ್ಕಿಟೆಕ್ಟ್’ ಎಂಬ ಪದ ಇರಬಾರದು. ಇಂಗ್ಲಿಷಿನ ಬದಲು ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಪದ ಬೇರೆಯಾಗುವುದಿಲ್ಲ. ಇದನ್ನು ಇಂಜಿನಿಯರ್ ಬಂಧುಗಳನ್ನು ಕಡೆಗಣಿಸಲು ಹೇಳುತ್ತಿಲ್ಲ. ನಮ್ಮ ಎರೆ ಭೂಮಿಯಲ್ಲಿ ಒಂದು ಕಟ್ಟಡ ಬಿರುಕಿಲ್ಲದೆ ನಿಲ್ಲಬೇಕಾದರೆ ಅವರ ಲೆಕ್ಕಾಚಾರವಿಲ್ಲದೆ ನಮ್ಮ ನಕ್ಷೆ ಬರೀ ಕಾಗದ.

ಮೊದಲ ಹಂತ: ಸರಿಯಾದ ಪದವಿ

ನೋಂದಣಿಗೆ ಬೇಕಾದ ಮೂಲ ಅರ್ಹತೆ ಮಾನ್ಯತೆ ಪಡೆದ ಬಿ.ಆರ್ಕ್ ಪದವಿ. ಇದು 5 ವರ್ಷ, ಅಂದರೆ 10 ಸೆಮಿಸ್ಟರುಗಳ ಓದು. ಇದರಲ್ಲಿ ಸುಮಾರು 16 ವಾರಗಳ ಪ್ರಾಯೋಗಿಕ ತರಬೇತಿಯ ಒಂದು ಸೆಮಿಸ್ಟರೂ ಸೇರಿರುತ್ತದೆ. ಪಿಯುಸಿಯಲ್ಲಿ ಗಣಿತ ಇರಲೇಬೇಕು, ಮತ್ತು ಕೌನ್ಸಿಲ್ ನಡೆಸುವ ‘ನಾಟಾ’ದಂಥ ಅಭಿರುಚಿ ಪರೀಕ್ಷೆಯಲ್ಲಿ ಅರ್ಹತೆ ಪಡೆಯಬೇಕು. ರಾಜ್ಯದ ಕಾಲೇಜುಗಳ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಾಟಾ ಅಂಕ ಮತ್ತು ಪಿಯುಸಿ ಅಂಕ ಎರಡನ್ನೂ ಸೇರಿಸಿ ರ‍್ಯಾಂಕ್ ಕೊಡುತ್ತದೆ. ನಮ್ಮ ಮೂರೂ ಜಿಲ್ಲೆಗಳು ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಗೆ ಬರುವುದರಿಂದ ಕಲ್ಯಾಣ ಕರ್ನಾಟಕದೊಳಗಿನ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯದ ಉಳಿದ ಭಾಗದಲ್ಲಿ ಶೇ. 8ರಷ್ಟು ಸೀಟುಗಳು ಸ್ಥಳೀಯ ಮಕ್ಕಳಿಗೆ ಮೀಸಲಾಗಿವೆ. ಇದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಪರೀಕ್ಷೆ ಬರೆಯುವ ಮೊದಲೇ ತೆಗೆಸಿಟ್ಟುಕೊಳ್ಳಿ, ಕೌನ್ಸೆಲಿಂಗ್ ಬಂದಾಗ ಓಡಾಡುವ ಪಾಡು ತಪ್ಪುತ್ತದೆ.

ಕಾಲೇಜಿಗೆ ಹಣ ಕಟ್ಟುವ ಮುನ್ನ ಆ ಕಾಲೇಜಿಗೆ ಆ ವರ್ಷದ ಪ್ರವೇಶಕ್ಕೆ ಕೌನ್ಸಿಲ್‌ನ ಅನುಮೋದನೆ ಇದೆಯೇ ಎಂಬುದನ್ನು ಕೌನ್ಸಿಲ್‌ನ ಜಾಲತಾಣದ ಪಟ್ಟಿಯಲ್ಲೇ ನೋಡಬೇಕು, ಕಾಲೇಜಿನ ಕರಪತ್ರದಲ್ಲಿ ಅಲ್ಲ. ಅನುಮೋದನೆ ಇಲ್ಲದ ಕಡೆ ಐದು ವರ್ಷ ಓದಿ ಬಂದವರಿಗೆ ಕೊನೆಗೆ ನೋಂದಣಿ ಸಿಗದೇ ಹೋದರೆ, ಆ ಮನೆಯವರ ದುಃಖಕ್ಕೆ ಯಾರೂ ಉತ್ತರ ಕೊಡಲಾರರು. ಇಂಟೀರಿಯರ್ ಡಿಸೈನ್ ಪದವಿ, ಪ್ಲಾನಿಂಗ್ ಪದವಿ, ಆರ್ಕಿಟೆಕ್ಚರ್ ಡಿಪ್ಲೊಮಾ ಇವೆಲ್ಲ ತಮ್ಮ ತಮ್ಮ ಜಾಗದಲ್ಲಿ ಬೆಲೆಯುಳ್ಳವೇ. ಆದರೆ ಇವುಗಳಲ್ಲಿ ಯಾವುದೂ ತಾನೊಂದೇ ನೋಂದಣಿಗೆ ಸಾಲದು.

ಎರಡನೆಯ ಹಂತ: ಕಾಗದಪತ್ರ, ಅದರಲ್ಲೂ ಹೆಸರು

ವೈದ್ಯರಿಗಾಗಲಿ ವಕೀಲರಿಗಾಗಲಿ ಇರುವಂತೆ ನಮ್ಮಲ್ಲಿ ಪದವಿಯ ನಂತರ ಇನ್ನೊಂದು ಅರ್ಹತಾ ಪರೀಕ್ಷೆಯನ್ನೋ ಕಡ್ಡಾಯ ಅನುಭವದ ಅವಧಿಯನ್ನೋ ದಾಟಬೇಕಾಗಿಲ್ಲ. ಪದವಿ ಪ್ರಮಾಣಪತ್ರ, ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ, ಹುಟ್ಟಿದ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಗುರುತಿನ ಚೀಟಿ, ಭಾವಚಿತ್ರ, ಸಹಿಯ ಚಿತ್ರ, ಇವಿಷ್ಟನ್ನು ಸ್ಕ್ಯಾನ್ ಮಾಡಿ ಕೌನ್ಸಿಲ್‌ನ ಜಾಲತಾಣದಲ್ಲಿ ಅರ್ಜಿಯೊಂದಿಗೆ ಏರಿಸಿ ಶುಲ್ಕ ಕಟ್ಟಬೇಕು. ಕೇಳಲು ಸುಲಭ, ಆದರೆ ನಮ್ಮ ಭಾಗದ ಮಕ್ಕಳ ಅರ್ಜಿಗಳು ನಿಲ್ಲುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ, ಅದು ಹೆಸರು.

ಕಳೆದ ವರ್ಷ ನನ್ನ ಕಚೇರಿಗೆ ಬಂದ ಕುಷ್ಟಗಿ ಕಡೆಯ ಹುಡುಗಿಯೊಬ್ಬಳ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರವಿ ನೋಡಿದೆವು. ಎಸ್ಸೆಸ್ಸೆಲ್ಸಿಯಲ್ಲಿ ಅವಳ ಹೆಸರಿನ ಮುಂದೆ ತಂದೆಯ ಹೆಸರು ಪೂರ್ತಿಯಾಗಿತ್ತು. ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿ ಅದೇ ತಂದೆಯ ಹೆಸರು ಒಂದಕ್ಷರಕ್ಕೆ ಇಳಿದಿತ್ತು. ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರೇ ಇರದೆ ಮನೆತನದ ಅಡ್ಡಹೆಸರು ಬಂದು ಕೂತಿತ್ತು. ನಮ್ಮ ಕಡೆ ಇದು ಮನೆಮನೆಯ ಕಥೆ. ಆ ಮೂರು ಹೆಸರೂ ಒಬ್ಬಳದೇ ಎಂದು ಓಣಿಯವರಿಗೆಲ್ಲ ಗೊತ್ತು, ಆದರೆ ದೆಹಲಿಯಲ್ಲಿ ಕುಳಿತು ಪರಿಶೀಲಿಸುವವರಿಗೆ ಗೊತ್ತಾಗಬೇಕಾದರೆ ಕಾಗದವೇ ಹೇಳಬೇಕು. ಆದ್ದರಿಂದ ಅರ್ಜಿ ಹಾಕುವ ಮೊದಲೇ ಆಧಾರ್ ಮತ್ತು ಪ್ಯಾನ್ ಎರಡನ್ನೂ ಪದವಿ ಪ್ರಮಾಣಪತ್ರದಲ್ಲಿರುವ ಹೆಸರಿಗೆ ಹೊಂದಿಸಿಕೊಳ್ಳಿ, ಹೊಂದಿಸಲಾಗದ ವ್ಯತ್ಯಾಸ ಉಳಿದರೆ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ ಜೊತೆಗಿಡಿ. ಮುಂದೆ ನಿಮ್ಮ ಸೀಲು, ಬ್ಯಾಂಕ್ ಖಾತೆ, ಜಿಎಸ್‌ಟಿ, ಪಾಲುದಾರಿಕೆ ಪತ್ರ ಎಲ್ಲವೂ ನೋಂದಣಿಯ ಹೆಸರಿನ ಮೇಲೆಯೇ ನಿಲ್ಲುತ್ತವೆ. ಮದುವೆಯ ನಂತರ ಹೆಸರು ಬದಲಿಸುವ ಹೆಣ್ಣುಮಕ್ಕಳು ನೋಂದಣಿ ಪುಸ್ತಕದಲ್ಲೂ ಅದನ್ನು ತಿದ್ದಿಸಬೇಕು, ಇಲ್ಲವೇ ವೃತ್ತಿಯಲ್ಲಿ ಹಳೆಯ ಹೆಸರನ್ನೇ ಉಳಿಸಿಕೊಳ್ಳಬೇಕು. ಎರಡನೆಯದೇ ಸರಳ ಎಂಬುದು ನನ್ನ ಅನಿಸಿಕೆ.

ಅರ್ಜಿ ಒಪ್ಪಿತವಾದ ಮೇಲೆ ‘ಸಿಎ’ ಎಂದು ಆರಂಭವಾಗಿ, ನೋಂದಣಿಯಾದ ವರ್ಷ, ಅನಂತರ ಕ್ರಮಸಂಖ್ಯೆ ಇರುವ ನೋಂದಣಿ ಸಂಖ್ಯೆ ಬರುತ್ತದೆ. ಆ ಸಂಖ್ಯೆ ಕೈಗೆ ಬರುವವರೆಗೆ, ಪದವಿ ಬಂದಿದ್ದರೂ, ನೀವು ಆರ್ಕಿಟೆಕ್ಟ್ ಎಂದು ಬರೆದುಕೊಳ್ಳುವಂತಿಲ್ಲ. ಸಂಬಳಕ್ಕೆ ದುಡಿಯುವವರಿಗೂ, ಕಾಲೇಜಿನಲ್ಲಿ ಆರ್ಕಿಟೆಕ್ಚರ್ ಪಾಠ ಹೇಳುವವರಿಗೂ ನೋಂದಣಿ ಬೇಕು. ಸರ್ಕಾರದಲ್ಲಾಗಲಿ ಸ್ಥಳೀಯ ಸಂಸ್ಥೆಗಳಲ್ಲಾಗಲಿ ಆರ್ಕಿಟೆಕ್ಟ್ ಹುದ್ದೆಯ ನೇಮಕದಲ್ಲಿ ನೋಂದಾಯಿತರಿಗೆ ಆದ್ಯತೆ ಕೊಡಬೇಕೆಂದು ಅಧಿನಿಯಮದ 35ನೇ ಕಲಮು ಹೇಳುತ್ತದೆ.

ಮೂರನೆಯ ಹಂತ: ನವೀಕರಣ

ನೋಂದಣಿ ಒಮ್ಮೆ ಪಡೆದು ಮರೆಯುವ ವಸ್ತುವಲ್ಲ. ಅವಧಿ ಮುಗಿಯುವ ಮುನ್ನ ನವೀಕರಣ ಶುಲ್ಕ ಕಟ್ಟದಿದ್ದರೆ ಹೆಸರನ್ನು ಪುಸ್ತಕದಿಂದ ತೆಗೆದುಹಾಕಲು ಕಾನೂನಿನಲ್ಲಿ ಅವಕಾಶವಿದೆ, ಮರಳಿ ಸೇರಿಸಿಕೊಳ್ಳಲು ಹೆಚ್ಚಿನ ಶುಲ್ಕ ಕಟ್ಟಬೇಕಾಗುತ್ತದೆ. ಶುಲ್ಕಗಳು ಕಾಲಕಾಲಕ್ಕೆ ಬದಲಾಗುವುದರಿಂದ ಕೌನ್ಸಿಲ್‌ನ ಜಾಲತಾಣದಲ್ಲಿ ಅಂದಿನ ದರವನ್ನೇ ನೋಡಿ ಕಟ್ಟಿರಿ.

ಇದರ ಬೆಲೆ ನನಗೆ ಗೊತ್ತಾದದ್ದು ಕಷ್ಟದಿಂದ. ವೃತ್ತಿಯ ಮೊದಲ ವರ್ಷಗಳಲ್ಲಿ ಬಾಡಿಗೆ ಕಚೇರಿ ಬದಲಿಸಿದ್ದೆ, ಕೌನ್ಸಿಲ್‌ಗೆ ಹೊಸ ವಿಳಾಸ ತಿಳಿಸಿರಲಿಲ್ಲ, ನವೀಕರಣದ ದಿನ ಕಳೆದುಹೋಗಿದ್ದು ಗಮನಕ್ಕೇ ಬಂದಿರಲಿಲ್ಲ. ಅದೇ ವೇಳೆಗೆ ಒಂದು ನರ್ಸಿಂಗ್ ಹೋಮಿನ ನಕ್ಷೆ ಮಂಜೂರಾತಿಗೆ ಹೋಗಿತ್ತು. ಕಡತ ನೋಡಿದ ಅಧಿಕಾರಿ ನನ್ನ ಸಂಖ್ಯೆಯನ್ನು ಪರಿಶೀಲಿಸಿ, ಅವಧಿ ಮುಗಿದಿದೆ ಎಂದು ಟಿಪ್ಪಣಿ ಬರೆದು ಹಿಂದಕ್ಕೆ ಕಳುಹಿಸಿದರು. ಪಾಯ ತೋಡಿಸಲು ಜೆಸಿಬಿಗೆ ಹೇಳಿ ಕಾಯುತ್ತಿದ್ದ ವೈದ್ಯ ದಂಪತಿಗಳಿಗೆ ಒಂದೂವರೆ ತಿಂಗಳು ತಡವಾಯಿತು. ಅವರು ಒಂದು ಗಟ್ಟಿ ಮಾತನ್ನೂ ಆಡಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು. ಅಂದಿನಿಂದ ನವೀಕರಣದ ತಾರೀಖನ್ನು ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡುತ್ತೇನೆ, ಎರಡು ತಿಂಗಳ ಮೊದಲೇ ಕಟ್ಟಿಬಿಡುತ್ತೇನೆ.

ನಾಲ್ಕನೆಯ ಹಂತ: ಸ್ಥಳೀಯ ಸಂಸ್ಥೆಯ ದಾಖಲೆಯಲ್ಲಿ ಸೇರುವುದು

ಕೌನ್ಸಿಲ್‌ನ ನೋಂದಣಿ ನಿಮಗೆ ಹೆಸರು ಕೊಡುತ್ತದೆ. ನಕ್ಷೆಯನ್ನು ಮಂಜೂರಾತಿಗೆ ಸಲ್ಲಿಸುವ ದಾರಿ ಮಾತ್ರ ಸ್ಥಳೀಯ ಸಂಸ್ಥೆಯ ಮೂಲಕ ಹಾದುಹೋಗುತ್ತದೆ. ಬಳ್ಳಾರಿಯಲ್ಲಿ ಮಹಾನಗರ ಪಾಲಿಕೆ, ಕೊಪ್ಪಳ ಮತ್ತು ಗಂಗಾವತಿಯಲ್ಲಿ ನಗರಸಭೆ, ಬಡಾವಣೆಗಳ ವಿಷಯದಲ್ಲಿ ಆಯಾ ನಗರಾಭಿವೃದ್ಧಿ ಅಥವಾ ಯೋಜನಾ ಪ್ರಾಧಿಕಾರ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ, ಹೀಗೆ ವ್ಯಾಪ್ತಿ ಬೇರೆ ಬೇರೆ. ಪಟ್ಟಣಗಳಲ್ಲಿ ನಕ್ಷೆ ಸಲ್ಲಿಕೆ ಈಗ ಆನ್‌ಲೈನ್ ಆಗಿರುವುದರಿಂದ, ಆ ವ್ಯವಸ್ಥೆಯಲ್ಲಿ ತಾಂತ್ರಿಕ ವೃತ್ತಿಪರರಾಗಿ ನಿಮ್ಮ ಹೆಸರು ದಾಖಲಾಗಿ ಲಾಗಿನ್ ಸಿಕ್ಕ ಮೇಲೆಯೇ ಕಡತ ಏರಿಸಲು ಸಾಧ್ಯ. ಅಲ್ಲಿ ಕೇಳುವುದು ಮುಖ್ಯವಾಗಿ ಚಾಲ್ತಿಯಲ್ಲಿರುವ ಕೌನ್ಸಿಲ್ ನೋಂದಣಿಯನ್ನೇ.

ಇಲ್ಲಿ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಡಬೇಕು. ಆರ್ಕಿಟೆಕ್ಟ್, ಇಂಜಿನಿಯರ್, ಸ್ಟ್ರಕ್ಚರಲ್ ಇಂಜಿನಿಯರ್, ಸೂಪರ್‌ವೈಸರ್ ಇವರಲ್ಲಿ ಯಾರು ಎಷ್ಟು ದೊಡ್ಡ ಕಟ್ಟಡಕ್ಕೆ ಸಹಿ ಹಾಕಬಹುದು ಎಂಬುದನ್ನು ಕಟ್ಟಡ ಉಪವಿಧಿಗಳು ನಿರ್ಧರಿಸುತ್ತವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಸೂಪರ್‌ವೈಸರ್‌ಗೆ ಕೊಟ್ಟಿರುವ ಮಿತಿ 200 ಚದರ ಮೀಟರ್‌ವರೆಗಿನ ನಿವೇಶನ, ಎರಡು ಅಂತಸ್ತು ಅಥವಾ 7.5 ಮೀಟರ್ ಎತ್ತರದ ವಾಸದ ಕಟ್ಟಡ. ಆರ್ಕಿಟೆಕ್ಟ್‌ನ ಸಹಿಯೂ ಎಲ್ಲವನ್ನೂ ಒಳಗೊಳ್ಳುವುದಿಲ್ಲ. ಕಂಬ, ತೊಲೆ, ಪಾಯದ ಲೆಕ್ಕಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್‌ರ ಸಹಿ ಬೇಕು. ಮಳೆಗೆ ಉಬ್ಬಿ ಬೇಸಿಗೆಗೆ ಅಂಗೈಯಗಲ ಬಿರಿಯುವ ಎರೆ ಮಣ್ಣಿನಲ್ಲಿ ಕೆಲಸ ಮಾಡುವ ನಾವು, ಕಟ್ಟಿಸುವವರು ಎಷ್ಟೇ ಅವಸರ ಮಾಡಿದರೂ, ಮಣ್ಣು ಪರೀಕ್ಷೆ ಮತ್ತು ಆ ಸಹಿ ಎರಡನ್ನೂ ಬಿಟ್ಟು ಮುಂದೆ ಹೋಗಬಾರದು. ‘ನಮ್ಮ ಗೌಂಡಿ ಇಪ್ಪತ್ತು ಮನಿ ಕಟ್ಟ್ಯಾನ್ರಿ’ ಎಂಬ ಮಾತು ಅನುಭವಕ್ಕೆ ಪ್ರಮಾಣವೇ ಹೊರತು ಮಂಜೂರಾತಿಗೆ ಅಲ್ಲ.

ಐದನೆಯ ಹಂತ: ಒಬ್ಬರೇ, ಪಾಲುದಾರಿಕೆಯೇ, ಕಂಪನಿಯೇ?

ಹೊಸಬರು ಹೆಚ್ಚು ಎಡವುವುದು ಈ ಹಂತದಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೌನ್ಸಿಲ್‌ನ ಪುಸ್ತಕದಲ್ಲಿ ಸೇರುವುದು ಮನುಷ್ಯರ ಹೆಸರೇ ಹೊರತು ಸಂಸ್ಥೆಯ ಹೆಸರಲ್ಲ. ನೋಂದಾಯಿತ ಆರ್ಕಿಟೆಕ್ಟ್ ಒಬ್ಬರು ತಮ್ಮ ಹೆಸರಿನಲ್ಲೋ ತಾವಿಟ್ಟ ಬೇರೊಂದು ಹೆಸರಿನಲ್ಲೋ ಒಂಟಿಯಾಗಿ ಕಚೇರಿ ನಡೆಸಿದರೆ ತೊಡಕಿಲ್ಲ. ಕೌನ್ಸಿಲ್‌ನಿಂದ ಸಂಸ್ಥೆಗಾಗಿ ಇನ್ನೊಂದು ಲೈಸೆನ್ಸ್ ಬೇಕಾಗುವುದಿಲ್ಲ. ಇಬ್ಬರು ಮೂವರು ಸೇರಿ ಪಾಲುದಾರಿಕೆ ಮಾಡಿ ಅದನ್ನು ಆರ್ಕಿಟೆಕ್ಟರ ಸಂಸ್ಥೆ ಎಂದು ಕರೆಯಬೇಕಾದರೆ, ಪಾಲುದಾರರೆಲ್ಲರೂ ನೋಂದಾಯಿತ ಆರ್ಕಿಟೆಕ್ಟರಾಗಿರಬೇಕು. ಒಬ್ಬರು ಆರ್ಕಿಟೆಕ್ಟ್, ಇನ್ನೊಬ್ಬರು ಸಿವಿಲ್ ಇಂಜಿನಿಯರ್ ಆಗಿರುವ, ನಮ್ಮೂರುಗಳಲ್ಲಿ ಬಹಳ ಸಾಮಾನ್ಯವಾದ ಜೋಡಿ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅಣ್ಣ ಇಂಜಿನಿಯರ್, ತಮ್ಮ ಆರ್ಕಿಟೆಕ್ಟ್ ಆದ ಮನೆಗಳಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಲೇಬೇಕು.

ಅಂಥವರಿಗೆ ದಾರಿ ಇಲ್ಲವೆಂದಲ್ಲ. ಸಂಸ್ಥೆಯ ಹೆಸರಿನಲ್ಲಿ ‘ಆರ್ಕಿಟೆಕ್ಟ್ಸ್’ ಎಂಬ ಪದ ಬಿಟ್ಟು ವಿನ್ಯಾಸ, ಸಲಹೆ, ನಿರ್ಮಾಣ ಎಂಬಂಥ ಪದಗಳನ್ನು ಇಟ್ಟುಕೊಂಡು, ನಕ್ಷೆಯ ಮೇಲೆ ಆರ್ಕಿಟೆಕ್ಟ್‌ನ ಹೆಸರು ಮತ್ತು ಸಂಖ್ಯೆಯನ್ನು ವೈಯಕ್ತಿಕವಾಗಿ ಬರೆಯುವುದು ಒಂದು. ಇಬ್ಬರೂ ಬೇರೆ ಬೇರೆ ಕಚೇರಿಗಳಾಗಿಯೇ ಉಳಿದು, ಪ್ರತಿ ಕೆಲಸಕ್ಕೂ ಹೊಣೆ ಮತ್ತು ಶುಲ್ಕದ ಹಂಚಿಕೆಯನ್ನು ಬರಹದಲ್ಲಿ ಒಪ್ಪಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ಲೆಕ್ಕಪತ್ರ ಹೆಚ್ಚು, ಜಗಳ ಕಡಿಮೆ. ನಾನು ಅದನ್ನೇ ಸೂಚಿಸುತ್ತೇನೆ.

ಕಂಪನಿಗೆ ಕೌನ್ಸಿಲ್‌ನ ನೋಂದಣಿ ಸಿಗುವುದಿಲ್ಲವಾದ್ದರಿಂದ ಪ್ರೈವೇಟ್ ಲಿಮಿಟೆಡ್ ಮಾಡಿ ಅದಕ್ಕೆ ಆರ್ಕಿಟೆಕ್ಟ್ಸ್ ಎಂದು ಹೆಸರಿಡುವ ಆಲೋಚನೆಯನ್ನು ಬಿಡುವುದು ಲೇಸು. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿಯ ಹೆಸರಿನಲ್ಲಿ ವೃತ್ತಿಯನ್ನು ಸೂಚಿಸುವ ಪದವಿದ್ದರೆ ಆ ವೃತ್ತಿಯನ್ನು ನಿಯಂತ್ರಿಸುವ ಮಂಡಳಿಯ ಒಪ್ಪಿಗೆ ಬೇಕೆಂದು ಅದರ ನಿಯಮಗಳೇ ಹೇಳುತ್ತವೆ. ಸಾಮಾನ್ಯ ಪಾಲುದಾರಿಕೆಯನ್ನು 1932ರ ಪಾಲುದಾರಿಕೆ ಅಧಿನಿಯಮದಡಿ ನೋಂದಾಯಿಸುವುದು ಕಡ್ಡಾಯವಲ್ಲ, ಆದರೆ ನೋಂದಾಯಿಸದ ಸಂಸ್ಥೆ ಬಾಕಿ ಶುಲ್ಕಕ್ಕಾಗಿ ಹೊರಗಿನವರ ಮೇಲೆ ದಾವೆ ಹೂಡಲಾರದು. ಶುಲ್ಕದ ಕೊನೆಯ ಕಂತು ಎಷ್ಟು ಸಲ ಗೃಹಪ್ರವೇಶದ ಊಟದೊಂದಿಗೇ ಮುಗಿದುಹೋಗುತ್ತದೆ ಎಂಬುದನ್ನು ಬಲ್ಲವರಿಗೆ ನೋಂದಣಿಯ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಪಾಲುದಾರಿಕೆ ಪತ್ರದಲ್ಲಿ ಲಾಭದ ಹಂಚಿಕೆಯ ಜೊತೆಗೆ, ಪಾಲುದಾರರೊಬ್ಬರು ಹೊರಹೋದರೆ ನಡೆಯುತ್ತಿರುವ ಕೆಲಸಗಳಿಗೆ ಸಹಿ ಹಾಕುವವರು ಯಾರು, ಹಳೆಯ ನಕ್ಷೆಗಳು ಯಾರ ಬಳಿ ಉಳಿಯುತ್ತವೆ ಎಂಬುದನ್ನೂ ಬರೆಯಿರಿ.

ಆರನೆಯ ಹಂತ: ತೆರಿಗೆ ಮತ್ತು ಕಾರ್ಮಿಕ ಇಲಾಖೆ

ಇದನ್ನು ಬೇಗ ಮುಗಿಸಬಹುದು, ಏಕೆಂದರೆ ಒಳ್ಳೆಯ ಲೆಕ್ಕಿಗರು ಸಿಕ್ಕರೆ ಇದರಲ್ಲಿ ಗೊಂದಲವಿಲ್ಲ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಆರ್ಕಿಟೆಕ್ಟ್ ಸೇವೆಗೆ ದರ ಶೇ. 18. ಶುಲ್ಕವನ್ನು ಮಾತಾಡುವಾಗಲೇ ಇದು ಸೇರಿದೆಯೋ ಇಲ್ಲವೋ ಎಂದು ಬರೆದು ತಿಳಿಸಿ. ರಾಜ್ಯದ 1976ರ ವೃತ್ತಿ ತೆರಿಗೆ ಕಾನೂನಿನಡಿ ಹೆಸರು ನೋಂದಾಯಿಸಬೇಕು. ಸಂವಿಧಾನವೇ ಈ ತೆರಿಗೆಗೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಕಚೇರಿ ಆರಂಭಿಸಿದ 30 ದಿನಗಳೊಳಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಾಯಿಸಿ. ವೃತ್ತಿ ಹೊಣೆಗಾರಿಕೆಯ ವಿಮೆಯನ್ನು ಮಾಡಿಸಿಕೊಳ್ಳಿ ಎಂದು ನಾನು ಎಲ್ಲ ಕಿರಿಯರಿಗೂ ಹೇಳುತ್ತೇನೆ.

ಏಳನೆಯ ಹಂತ: ನಾಮಫಲಕ

ಫಲಕ ಬರೆಸುವ ದಿನ ಯಾರಿಗಾದರೂ ಹಿಗ್ಗು. ಆದರೆ ಆ ಫಲಕದ ಮೇಲೆ ಎರಡು ಕಾನೂನುಗಳ ಕಣ್ಣಿದೆ. ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ಫಲಕದ ಶೇ. 60ರಷ್ಟು ಕನ್ನಡದಲ್ಲಿರಬೇಕು, ಅದು ಮೇಲ್ಭಾಗದಲ್ಲಿರಬೇಕು. ಆರ್ಕಿಟೆಕ್ಟರ ವೃತ್ತಿ ನಡವಳಿಕೆಯ 1989ರ ನಿಬಂಧನೆಗಳು ಜಾಹೀರಾತನ್ನೇ ನಿಷೇಧಿಸಿ, ಕೆಲವು ವಿನಾಯಿತಿಗಳನ್ನು ಮಾತ್ರ ಕೊಟ್ಟಿವೆ. ಕಚೇರಿಯ ಹೊರಗೂ, ತಾವು ವಿನ್ಯಾಸ ಮಾಡಿದ ಕಟ್ಟಡದ ಮೇಲೂ ಹೆಸರು ಹಾಕಬಹುದು, ಆದರೆ ಅಕ್ಷರದ ಎತ್ತರ 10 ಸೆಂಟಿಮೀಟರ್ ಮೀರಬಾರದು. ನನ್ನ ಫಲಕ ಬರೆದ ಪೇಂಟರ್‌ಗೆ ಇದು ಒಗಟಿನಂತಿತ್ತು. ರಸ್ತೆಯ ಆಚೆಯಿಂದ ಕಾಣದ ಬೋರ್ಡು ಯಾತಕ್ಕೆ ಎಂಬುದು ಅವರ ಪ್ರಶ್ನೆ. ಕೊನೆಗೆ ಸ್ಕೇಲು ಹಿಡಿದು ಹತ್ತು ಸೆಂಟಿಮೀಟರಿಗೆ ಪೆನ್ಸಿಲ್ ಗೆರೆ ಎಳೆದುಕೊಟ್ಟೆ, ಅದರೊಳಗೆ ಅವರು ಅಕ್ಷರಗಳನ್ನು ಎಷ್ಟು ಅಂದವಾಗಿ ಕೂರಿಸಿದರೆಂದರೆ ಈಗಲೂ ಬಂದವರು ನಿಂತು ಓದುತ್ತಾರೆ. ಸಾಮಾಜಿಕ ಜಾಲತಾಣಗಳಲ್ಲಿ ಮುಗಿದ ಕೆಲಸದ ಚಿತ್ರ ಹಂಚಿಕೊಳ್ಳುವವರು, ರಿಯಾಯಿತಿ ದರ, ಉಚಿತ ಪ್ಲಾನ್ ಎಂಬಂಥ ಮಾತುಗಳನ್ನು ಸೇರಿಸುವ ಮುನ್ನ ಈ ನಿಬಂಧನೆಗಳನ್ನು ಒಮ್ಮೆ ಪೂರ್ತಿ ಓದಬೇಕು.

ಎಂಟನೆಯ ಹಂತ: ಸಹಿಯನ್ನು ಕಾಯುವುದು

ಕಚೇರಿ ತೆರೆದ ತಿಂಗಳೊಳಗೆ ಯಾರೋ ಒಬ್ಬರು ಸುರುಳಿ ಸುತ್ತಿದ ನಕ್ಷೆ ಹಿಡಿದು ಬರುತ್ತಾರೆ. ‘ಸರ್, ಪ್ಲಾನ್ ರೆಡಿ ಐತ್ರಿ, ನಿಮ್ಮ ಸೀಲ್ ಒಂದು ಬಿದ್ದ್ರ ಸಾಕ್ರಿ’ ಎನ್ನುತ್ತಾರೆ, ಜೊತೆಗೆ ಒಂದು ಕವರನ್ನೂ ಮೇಜಿನ ಮೇಲಿಡುತ್ತಾರೆ. ಬಾಡಿಗೆ ಕಟ್ಟಲು ಪರದಾಡುವ ದಿನಗಳಲ್ಲಿ ಆ ಕವರ್ ದೊಡ್ಡದಾಗಿಯೇ ಕಾಣುತ್ತದೆ. ತಾವು ಬರೆಯದ, ನಿವೇಶನವನ್ನೇ ನೋಡದ ನಕ್ಷೆಗೆ ಸಹಿ ಹಾಕುವುದೆಂದರೆ ಆ ಕಟ್ಟಡದ ಮೆಟ್ಟಿಲು, ಬೆಂಕಿ ಬಿದ್ದಾಗ ಹೊರಬರುವ ದಾರಿ, ಪಕ್ಕದ ಮನೆಗೆ ಬಿಡಬೇಕಾದ ಜಾಗ ಎಲ್ಲಕ್ಕೂ ನೀವೇ ಹೊಣೆ ಹೊತ್ತಂತೆ. ಯಾವ ಸಂಬಂಧದ ಒತ್ತಾಯಕ್ಕೂ ಅದನ್ನು ಮಾಡಬೇಡಿ. ಸೀಲನ್ನು ಕಚೇರಿಯ ಹುಡುಗರ ಕೈಗೆ ಬಿಡಬೇಡಿ, ಸಹಿಯ ಸ್ಕ್ಯಾನ್ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಬೇಡಿ.

1989ರ ನಿಬಂಧನೆಗಳಲ್ಲಿ ಇನ್ನೂ ಕೆಲವು ಕಟ್ಟುಪಾಡುಗಳಿವೆ. ಸಿಮೆಂಟ್, ಟೈಲ್ಸ್, ಗ್ರಾನೈಟ್ ಅಂಗಡಿಯವರಿಂದಾಗಲಿ ಗುತ್ತಿಗೆದಾರರಿಂದಾಗಲಿ ಕಮಿಷನ್ ಪಡೆಯುವಂತಿಲ್ಲ. ಕಟ್ಟಿಸುವವರು ಕೊಡುವ ಶುಲ್ಕವೇ ನಿಮ್ಮ ಸಂಪಾದನೆ. ಬೇರೊಬ್ಬ ಆರ್ಕಿಟೆಕ್ಟ್ ನೇಮಕವಾಗಿರುವ ಕೆಲಸವನ್ನು, ಅವರ ನೇಮಕ ಕೊನೆಗೊಂಡಿದೆ ಎಂಬುದಕ್ಕೆ ಪುರಾವೆ ಪಡೆದು ಅವರಿಗೆ ಬರಹದಲ್ಲಿ ತಿಳಿಸದೆ, ಕೈಗೆತ್ತಿಕೊಳ್ಳುವಂತಿಲ್ಲ. ಸಣ್ಣ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರಾದ್ದರಿಂದ ಒಂದು ಫೋನ್ ಮಾತು ಸಾಕು ಎನಿಸಬಹುದು, ಆದರೆ ಪತ್ರವೇ ಬೇಕು. ಈ ನಿಬಂಧನೆಗಳನ್ನು ಮೀರುವುದು ವೃತ್ತಿ ದುರ್ನಡತೆ. ದೂರು ಬಂದು ವಿಚಾರಣೆಯಲ್ಲಿ ರುಜುವಾತಾದರೆ ಎಚ್ಚರಿಕೆಯಿಂದ ಹಿಡಿದು ಅಮಾನತು, ಹೆಸರು ತೆಗೆದುಹಾಕುವುದರವರೆಗೆ ಕ್ರಮ ಕೈಗೊಳ್ಳಲು ಕೌನ್ಸಿಲ್‌ಗೆ 30ನೇ ಕಲಮು ಅಧಿಕಾರ ಕೊಟ್ಟಿದೆ.

ಕಟ್ಟಿಸುವವರಿಗೂ ಒಂದು ಮಾತು. ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳುವವರಿಂದ ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ. ಆ ಸಂಖ್ಯೆಯನ್ನು ಕೌನ್ಸಿಲ್‌ನ ಜಾಲತಾಣದಲ್ಲಿ ಹಾಕಿ, ಹೆಸರು ಅದೇ ಇದೆಯೇ, ಅವಧಿ ಚಾಲ್ತಿಯಲ್ಲಿದೆಯೇ ಎಂದು ಫೋನಿನಲ್ಲೇ ನೋಡಬಹುದು.

ನಮ್ಮ ಭಾಗದ ಕೆಲವು ವಿಶೇಷ ಸಂದರ್ಭಗಳು

ನೋಂದಣಿ ಇದ್ದರೂ ಕೆಲವು ಜಾಗಗಳಲ್ಲಿ ಸ್ಥಳೀಯ ಸಂಸ್ಥೆಯ ಮಂಜೂರಾತಿಯೊಂದೇ ಸಾಲದು. ತುಂಗಭದ್ರೆಯ ಉತ್ತರ ದಂಡೆಯಲ್ಲಿ ಗಂಗಾವತಿ ತಾಲ್ಲೂಕಿನ ಆನೆಗೊಂದಿ ಮತ್ತು ಸುತ್ತಲಿನ ಹಳ್ಳಿಗಳು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿವೆ. ಅಲ್ಲಿ ಹೋಂ ಸ್ಟೇ ಆಗಲಿ ಮನೆಯಾಗಲಿ ಕಟ್ಟಲು ಆ ಪ್ರಾಧಿಕಾರದ ಅನುಮತಿ ಬೇಕು. ಇಟಗಿಯ ಮಹಾದೇವ ದೇವಾಲಯ, ಮಸ್ಕಿಯ ಅಶೋಕನ ಶಾಸನದಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಪೂರ್ವಾನುಮತಿ ಕಡ್ಡಾಯ. ನಿವೇಶನ ನೋಡಲು ಹೋದ ದಿನವೇ ಈ ಅಂತರವನ್ನು ಅಳೆಯಿರಿ, ನಕ್ಷೆ ಬರೆದ ಮೇಲಲ್ಲ.

ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳು, ಬಳ್ಳಾರಿಯ ಜೀನ್ಸ್ ಘಟಕಗಳಂಥ ಕೆಲಸ ಬಂದಾಗ, ಕಾರ್ಖಾನೆಯ ವ್ಯಾಖ್ಯೆಗೆ ಬರುವಷ್ಟು ಕಾರ್ಮಿಕರಿದ್ದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯಿಂದಲೂ ನಕ್ಷೆಗೆ ಅನುಮೋದನೆ ಪಡೆಯಬೇಕು. ಬಡಾವಣೆ ಅಥವಾ ಅಪಾರ್ಟ್‌ಮೆಂಟ್ 500 ಚದರ ಮೀಟರ್ ಜಾಗವನ್ನೋ 8 ಮನೆಗಳನ್ನೋ ಮೀರಿದರೆ ಅದು ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯ ಕೆಳಗೆ ಬರುತ್ತದೆ. ಆ ಕಾಯ್ದೆಯಂತೆ ಖರೀದಿದಾರರಿಂದ ಬಂದ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಕೆಲಸ ಎಷ್ಟಾಗಿದೆ ಎಂದು ಇಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಪ್ರಮಾಣೀಕರಿಸಿದ ಮೇಲೆಯೇ ತೆಗೆಯಬೇಕು. ಆ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುನ್ನ ಸೈಟಿಗೆ ಹೋಗಿ, ಎಷ್ಟನೇ ಸ್ಲ್ಯಾಬ್ ಬಿದ್ದಿದೆ ಎಂದು ಕಣ್ಣಾರೆ ನೋಡಿ, ತಾರೀಖು ಬಿದ್ದ ಚಿತ್ರ ತೆಗೆದಿಡಿ. ಅದು ಯಾರೋ ಬ್ಯಾಂಕ್ ಸಾಲ ಮಾಡಿ ಕಟ್ಟಿದ ಹಣ.

ಕಚೇರಿ ಬದಲಿಸಿದಾಗ

ಬಳ್ಳಾರಿಯಿಂದ ಗಂಗಾವತಿಗೋ ರಾಯಚೂರಿಗೋ ಕಚೇರಿ ಬದಲಿಸಿದ ವಾರದಲ್ಲೇ ಕೌನ್ಸಿಲ್‌ನ ಜಾಲತಾಣದ ನಿಮ್ಮ ಖಾತೆಯಲ್ಲಿ ವಿಳಾಸ, ಮೊಬೈಲ್ ಸಂಖ್ಯೆ, ಇ-ಮೇಲ್ ಮೂರನ್ನೂ ತಿದ್ದಿ. ದೂರಿನ ನೋಟಿಸಾಗಲಿ ನವೀಕರಣದ ಸೂಚನೆಯಾಗಲಿ ಬರುವುದು ಅದೇ ವಿಳಾಸಕ್ಕೆ. ಅನಂತರ ನಕ್ಷೆ ಸಲ್ಲಿಸುವ ಆನ್‌ಲೈನ್ ವ್ಯವಸ್ಥೆ, ಕಾರ್ಮಿಕ ಇಲಾಖೆ, ಜಿಎಸ್‌ಟಿ, ಬ್ಯಾಂಕ್ ಎಂಬ ಅನುಕ್ರಮದಲ್ಲಿ ತಿದ್ದುಪಡಿ ಮಾಡಿಸಿ, ನಡೆಯುತ್ತಿರುವ ಪ್ರತಿ ಕೆಲಸದ ಮಾಲೀಕರಿಗೂ ಹೊಸ ವಿಳಾಸವನ್ನು ಪತ್ರದಲ್ಲಿ ತಿಳಿಸಿ, ಆ ಪತ್ರದ ಒಂದು ಪ್ರತಿಯನ್ನು ಆಯಾ ಕೆಲಸದ ಫೈಲಿಗೆ ಸೇರಿಸಿಡಿ.